ದೋಣಿಸಾಲು ಕೇಳಿದ ಕುರುಬ

“ಮೇಷ್ಟ್ರೇ, ಪ್ರೋಗ್ರಾಂ ಓಡುತ್ತಿರುವಾಗ ಒಂದು ವರ್ಗವನ್ನು ಹೆಸರು ಹಿಡಿದು ಕೇಳಿದರೆ ವರ್ಗಗಳನ್ನು ಹುಡುಕುವ ಲೋಡರ್ ತಂದುಕೊಡುತ್ತದೆ. ಅದೇ ವರ್ಗದವನ್ನು ಸಾಲಾಗಿ ಜೋಡಿಸಿದ ಸರಣಿಯನ್ನು ಕೇಳಿದರೆ ಅಂಥದ್ದು ಇಲ್ಲ ಎನ್ನುತ್ತದೆ. ಇಲ್ಲವೆಂದೇ ತಿಳಿದು ಮುಂದೆ ಹೋಗಲೇ?” ಎಂದು ಇಂದುಧರ ಕೇಳಿದ.

ತಿಪ್ಪಣ್ಣ ಮೇಷ್ಟ್ರು ಪ್ರೋಗ್ರಾಮಿಂಗ್ ಕಲಿಸುವವರು. ಅವಸರದ ಶಿಷ್ಯರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ನಿನಗೆ ಯಾವಾಗಲೂ ಮುಂದೆ ಹೋಗುವ ಆತುರ. ಕೂತ್ಕೋ,” ಎಂದು ಈ ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ದೋಣಿಗಳನ್ನು ಇಡುವ ಕೊಟ್ಟಿಗೆಯಿತ್ತು. ಅದಕ್ಕೊಬ್ಬ ಕಾವಲುಗಾರ. ಬಡಗಿ ಕಟ್ಟಿ ಒಪ್ಪಿಸಿದ ಎಲ್ಲದರ ಹೆಸರೂ ಅವನ ಪಟ್ಟಿಯಲ್ಲಿತ್ತು. ದೋಣಿ, ತೆಪ್ಪ, ಯಾವ ಹೆಸರು ಹೇಳಿದರೂ ತಂದುಕೊಡುತ್ತಿದ್ದ. ದೋಣಿಸಾಲನ್ನು ಮಾತ್ರ ಯಾವ ಬಡಗಿಯೂ ಕಟ್ಟುವುದಿಲ್ಲ. ಬೇಕಾದಾಗ ದೋಣಿಗಳನ್ನು ಒಂದಕ್ಕೊಂದು ಬಿಗಿದು ಸಾಲು ಮಾಡುವವನು ಅಂಬಿಗರ ಯಜಮಾನ. ಅವನ ಮನೆ ಕೊಟ್ಟಿಗೆಯ ಪಕ್ಕದಲ್ಲೇ. ಅವನನ್ನು ಕೇಳುವ ಕ್ರಮವೂ ಬೇರೆ. ಮೊದಲು ಅಂಗೈ ಎತ್ತಬೇಕು, ಆಮೇಲೆ ‘ದೋಣಿ’ ಎನ್ನಬೇಕು. ಅಂಗೈ ಎತ್ತಿದರೆ ಸಾಲು ಬೇಕೆಂದು ಅರ್ಥ.

ಒಮ್ಮೆ ಹೊಳೆ ಏರಿತು. ಒಬ್ಬ ಕುರುಬನ ಹೆಂಡತಿ ಮತ್ತು ಇಬ್ಬರು ಮಕ್ಕಳು ನಡುಗಡ್ಡೆಯಲ್ಲಿ ಸಿಕ್ಕಿಕೊಂಡರು. ಆ ಸೆಳೆತಕ್ಕೆ ಒಂಟಿ ದೋಣಿ ನಿಲ್ಲುವಂತಿರಲಿಲ್ಲ. ಕುರುಬ ಹುಲ್ಲುಗಾವಲಿನವನು, ಅಂಬಿಗರ ಕ್ರಮ ಅವನಿಗೇನು ಗೊತ್ತು? ನೇರ ಕೊಟ್ಟಿಗೆಗೆ ಓಡಿಬಂದ.

“ಅಣ್ಣಾ, ದೋಣಿಸಾಲು ಕೊಡು. ಹೆಂಡ್ರು ಮಕ್ಳು ನೀರ್ ಮಧ್ಯ ಅವ್ರೆ.”

ಕಾವಲುಗಾರ ಪಟ್ಟಿಯನ್ನು ಮೇಲಿಂದ ಕೆಳಗೆ ಮೂರು ಸಲ ನೋಡಿದ. ಪಟ್ಟಿ ನೋಡಿ ಹೇಳುವುದಷ್ಟೇ ಅವನು ಕಲಿತ ಕೆಲಸ. ಪಕ್ಕದ ಮನೆಯ ಯೋಚನೆ ಅವನ ತಲೆಗೆ ಬರಲೇ ಇಲ್ಲ.

“ಅಂಥಾದ್ದು ಇಲ್ಲ ಕಣಪ್ಪಾ,” ಎಂದ. ಅವನ ಬೆನ್ನ ಹಿಂದೆ ಹನ್ನೆರಡು ದೋಣಿಗಳಿದ್ದವು.

ಕುರುಬ ಆ ಮಾತನ್ನು ನಂಬಿದ. ಇನ್ನೊಂದು ಬಾಗಿಲು ತಟ್ಟಲಿಲ್ಲ. ದಡಕ್ಕೆ ಹೋಗಿ ಸುಮ್ಮನೆ ನಿಂತ. ಮಕ್ಕಳು ಅಪ್ಪಾ ಎಂದು ಕೂಗುವುದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ನೀರಿನ ಸದ್ದು ಮಾತ್ರ.

ಇಷ್ಟು ಹೇಳಿ ಮೇಷ್ಟ್ರು ನಿಲ್ಲಿಸಿದರು.

“ಆ ಕಾವಲುಗಾರ ಎಂಥಾ ಸುಳ್ಳು ಹೇಳಿಬಿಟ್ಟ, ಮೇಷ್ಟ್ರೇ,” ಎಂದ ಇಂದುಧರ.

“ಇಲ್ಲಪ್ಪ, ನಿನ್ನ ಲೋಡರ್ ಪಟ್ಟಿಯಲ್ಲಿ ಸರಣಿ ಇಲ್ಲದ ಹಾಗೆ ಅವನ ಪಟ್ಟಿಯಲ್ಲಿ ದೋಣಿಸಾಲು ಇರಲಿಲ್ಲ, ಕೇಳಬೇಕಾದ ಬಾಗಿಲೇ ಬೇರೆ. ಅವನು ನಿಜವನ್ನೇ ಹೇಳಿದ, ಆ ನಿಜಕ್ಕೇ ಮೂರು ಜೀವ ಹೋದವು.”