ಕಪನಿ ಅವ್ವನನ್ನು ವಿಮಾನ ಹತ್ತಿಸಿದ್ದು

ಪೆದ್ದರಲ್ಲಿ ಎರಡು ಬಗೆ ಸ್ವಾಮಿ. ಹೇಳಿದ ಮಾತು ಕೇಳದ ಪೆದ್ದ ಒಬ್ಬ, ಹೇಳಿದ ಮಾತನ್ನು ಕೇಳಿಯೇ ತೀರುವ ಪೆದ್ದ ಇನ್ನೊಬ್ಬ. ಮೊದಲನೆಯವನನ್ನು ಹೇಗೋ ಸಂಭಾಳಿಸಬಹುದು. ಜವರಮ್ಮನ ಪಾಲಿಗೆ ಬಂದವನು ಎರಡನೆಯವನು. ಹೆಸರು ಕಪನಿ. ಮೀಸೆ ಬಂದಿತ್ತು, ಎತ್ತಿನಂಥ ಮೈಯಿತ್ತು, ಅವ್ವ ಅಂದರೆ ಪ್ರಾಣ ಬಿಡುತ್ತಿದ್ದ. ಬುದ್ಧಿ ಒಂದು ಬಿಟ್ಟು ಎಲ್ಲ ಇತ್ತು.

ಒಂದು ದಿನ ಅವಳು ಮೊಸರಿನ ಗಡಿಗೆ ಕೆಳಗಿಟ್ಟು, "ಬೆಕ್ಕು ಬಂದ್ರೆ ಓಡಿಸ್ಲಾ" ಅಂತ ಹೇಳಿ ನೀರಿಗೆ ಹೋದಳು. ಬೆಕ್ಕು ಬಂತು. ಕಪನಿ ಓಡಿಸಿದ. ಬೀದಿ ದಾಟಿಸಿ ಓಡಿಸಿದ, ಕೆರೆ ಏರಿ ದಾಟಿಸಿ ಓಡಿಸಿದ, ಪಕ್ಕದೂರಿಗೆ ಮುಟ್ಟಿಸಿ ಸಂಜೆಗೆ ವಾಪಸು ಬಂದ. ಅಷ್ಟರಲ್ಲಿ ಇನ್ನೊಂದು ಬೆಕ್ಕು ಬಂದು ಗಡಿಗೆ ನೆಕ್ಕಿಟ್ಟಿತ್ತು.

"ಎಲ್ಲಿಗ್ಲಾ ಹೋಗಿದ್ದೆ ಮಂಕುದಿಣ್ಣೆ?"

"ಓಡ್ಸು ಅಂದೆ, ಓಡಿಸ್ದೆ. ಅದು ನಿಂತ್ಕಂಡ್ರೆ ತಾನೆ ನಾನು ನಿಂತ್ಕಳದು?"

ಜವರಮ್ಮ ಹಣೆ ಹಣೆ ಚಚ್ಚಿಕೊಂಡಳು. ಇಂಥ ಮಗನನ್ನು ಕಟ್ಟಿಕೊಂಡು ಅವಳು ವಿಮಾನ ಹತ್ತಲು ಹೊರಡಬೇಕಾಗಿ ಬಂತು, ನೋಡಿ!

ಅವಳ ಮಗಳು ಚಂದ್ರಿಯ ಗಂಡ ಮಿಲಿಟರಿಯವನು, ದೇಶದ ಆ ತುದಿಯ ಬೆಟ್ಟಗಳಲ್ಲಿದ್ದ. ಚಂದ್ರಿಗೆ ಚೊಚ್ಚಲ ಹೆರಿಗೆ. ತವರಿಗೆ ಕರೆದುಕೊಂಡು ಬರೋಣ ಅಂದರೆ ಡಾಕ್ಟರು ಅಲುಗಾಡಬೇಡ ಅಂದರು. ಅತ್ತೆ ಇಲ್ಲದ ಮನೆ. "ಅವ್ವ, ನೀನು ಪಕ್ಕದಲ್ಲಿಲ್ದಿದ್ರೆ ನಂಗೆ ಧೈರ್ಯ ಸಾಲದು" ಅಂತ ಫೋನಿನಲ್ಲಿ ಅತ್ತಳು. ಅಳಿಯ ಅತ್ತೆಯೊಬ್ಬಳಿಗೆ ಟಿಕೀಟು ಕಳಿಸಿದ. ವಿಮಾನ ಹೊರಡುವುದು ಸೂರ್ಯ ಹುಟ್ಟುವುದಕ್ಕೂ ಮೊದಲು. ಇವರ ಊರಿನ ಮೊದಲ ಬಸ್ಸು ಹೊರಡುವುದೇ ಸೂರ್ಯ ಹುಟ್ಟಿದ ಮೇಲೆ! ಹಿಂದಿನ ದಿನವೇ ಹೋಗಿ, ವಿಮಾನ ನಿಲ್ದಾಣದ ಹತ್ತಿರ ಎಲ್ಲಾದರೂ ರಾತ್ರಿ ಕಳೆಯದೆ ಬೇರೆ ದಾರಿಯಿರಲಿಲ್ಲ.

"ಈ ವಯಸ್ಸಲ್ಲಿ, ಇವನನ್ನ ನಂಬ್ಕಂಡು ಹೋಗ್ತೀಯಾ?" ಅಂದರು ಬೀದಿಯವರು.

"ಯಾರನ್ನೂ ನಂಬಿಲ್ಲ. ನನ್ನ ಮಗಳು ಕರೆದವ್ಳೆ, ಹೋಗೇ ಹೋಗ್ತೀನಿ" ಅಂದಳು ಜವರಮ್ಮ. ಅಂಟಿನುಂಡೆ, ಕೊಬ್ಬರಿ, ಕೂಸಿಗೆ ಹಳೇ ಸೀರೆಯ ಬಟ್ಟೆ ಎಲ್ಲ ಗಂಟು ಕಟ್ಟಿದಳು. ಮೊಣಕಾಲು ಹಿಡಿದುಕೊಂಡಿತ್ತು, ವಿಮಾನ ನಿಲ್ದಾಣದವರೆಗೆ ಗಂಟು ಹೊರಲು ಕಪನಿ ಬೇಕೇ ಬೇಕಿತ್ತು.

ಬಸ್ಸಿನಲ್ಲಿ ಪಕ್ಕದ ಹೆಂಗಸೊಬ್ಬಳು "ತಗೊಳಪ್ಪ" ಅಂತ ಬಾಳೆಹಣ್ಣು ನೀಡಿದಳು. ಕಪನಿ ಇಡೀ ಚಿಪ್ಪನ್ನೇ ಕಿತ್ತುಕೊಂಡು ತಿಂದ! ಜವರಮ್ಮ ತೊಡೆ ಚಿವುಟಿದಳು.

"ಮಾನ ತೆಗೀಬೇಡ್ಲಾ! ಕೊಡ್ತೀವಿ ಅಂದ ತಕ್ಷಣ ಬಾಯಿ ಬಿಡ್ತಾರಾ? ಬೇಡ ಬೇಡ ಅನ್ಬೇಕು. ಬಲವಂತ ಮಾಡಿದ ಮೇಲೆ ಈಸ್ಕಬೇಕು."

"ಆಯ್ತು ಕಣವ್ವ."

ಬಸ್ಸು ಇಳಿದರು. ತಲೆಯ ಮೇಲೆ ವಿಮಾನಗಳು ಗುಂಯ್ ಅನ್ನುತ್ತಿದ್ದವು. ಜವರಮ್ಮನ ಕಾಲು ಏಳಲೊಲ್ಲದು. ಗಂಟಿನ ಜೊತೆ ಹೊಂಗೆಮರದ ಕೆಳಗೆ ಕೂತು, "ಹೋಗು, ಆ ಲಾಡ್ಜಲ್ಲಿ ರೂಮು ಕೇಳ್ಕಂಡು ಬಾ" ಅಂದಳು.

ಕಪನಿ ಹೋದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನ ನಗುನಗುತ್ತ ಕೇಳಿದ: "ಬನ್ನಿ ಬನ್ನಿ, ರೂಮು ಬೇಕಾ?"

"ಅಯ್ಯೋ, ಬೇಡಿ ಬೇಡಿ!"

"ಬೇಡ್ವಾ? ಮತ್ಯಾಕೆ ಬಂದ್ರಿ?"

"ಸುಮ್ಕೆ ಬಂದೆ. ನಿಮಗ್ಯಾಕೆ ತೊಂದ್ರೆ."

"ಒಂದೇ ರೂಮು ಉಳಿದಿರೋದು. ಬೇಕಾದ್ರೆ ಹೇಳಿ."

"ಬೇಡಿ ಸ್ವಾಮಿ, ಈಗ ತಾನೆ ಮನೇಲಿ ಆಯ್ತು!"

ಯಜಮಾನ ಇವನ ಮುಖ ನೋಡಿದ. ಹಿಂದೆ ನಿಂತಿದ್ದವರಿಗೆ ಬೀಗದ ಕೈ ಕೊಟ್ಟ. ಕಪನಿ ಮಾತ್ರ ಕಂಬ ಒರಗಿಕೊಂಡು ನಿಂತೇ ಇದ್ದ. ಬಹಳ ಹೊತ್ತಾದ ಮೇಲೆ ಕೇಳಿದ: "ಅಲ್ಲ ಸ್ವಾಮಿ, ಬಲವಂತ ಯಾವಾಗ ಮಾಡ್ತೀರಿ?"

ಜವರಮ್ಮನಿಗೆ ಮೈ ಉರಿದುಹೋಯಿತು. "ಅದು ನೆಂಟ್ರ ಮನೆ ಏನ್ಲಾ? ಲಾಡ್ಜಲ್ಲಿ ಉಪಚಾರ ಮಾಡ್ತಾರಾ? ಇನ್ಮೇಲೆ ಅವರು ಏನು ಕೇಳಿದ್ರೂ ಬೇಕು ಅನ್ನು. ಬೇಕು ಅನ್ನೋದು ಬಿಟ್ಟು ಇನ್ನೊಂದು ಮಾತಾಡಿದ್ಯೋ, ಹಲ್ಲು ಉದುರಿಸಿಬಿಡ್ತೀನಿ!"

"ಆಯ್ತು ಕಣವ್ವ."

ಎರಡನೇ ಲಾಡ್ಜು ದೊಡ್ಡದು. ಕೆಳಗೆ ಕಲ್ಯಾಣ ಮಂಟಪ, ಮೇಲೆ ರೂಮುಗಳು. ಮ್ಯಾನೇಜರ್ ಕೇಳಿದ: "ರೂಮು ಬೇಕಾ ಸಾರ್?"

"ಬೇಕು!"

"ಮಂಟಪಾನೂ ಬೇಕಾ?"

"ಬೇಕು!"

ಮ್ಯಾನೇಜರ್ ಎದ್ದು ನಿಂತ. ಕುರ್ಚಿ ಹಾಕಿಸಿದ, ಕಾಫಿ ತರಿಸಿದ. "ಅಡುಗೆಯವರು?" ಬೇಕು. "ಹೂವಿನ ಅಲಂಕಾರ?" ಬೇಕು. "ಓಲಗದವರು?" ಬೇಕು, ಬೇಕು. "ಮದುವೆಗಂಡು ತಾವೇನಾ ಸಾರ್?"

"ಬೇಕು!"

"ಹುಡುಗಿ ಯಾವೂರು?"

"ಬೇಕು!"

"ಅಂದ್ರೆ, ಹುಡುಗಿ ಇನ್ನೂ ಗೊತ್ತಾಗಿಲ್ವಾ?"

"ಬೇಕು ಸ್ವಾಮಿ, ಬೇಕೇ ಬೇಕು!" ಅಂದ ಕಪನಿ. ಪಾಪ, ಆ ಒಂದು ಮಾತನ್ನು ಮಾತ್ರ ಅವನು ಮನಸ್ಸಿನಿಂದ ಹೇಳಿದ ಅಂತ ನನಗೆ ಅನುಮಾನ.

ಹೊಂಗೆಮರದ ಕೆಳಗೆ ತೂಕಡಿಸುತ್ತಿದ್ದ ಜವರಮ್ಮ ಪೀಪೀ ಸದ್ದಿಗೆ ಬೆಚ್ಚಿ ಕಣ್ಣು ಬಿಟ್ಟಳು. ಮುಂದೆ ಓಲಗ, ಹಿಂದೆ ಕೊರಳಿಗೆ ಹಾರ ಹಾಕಿಕೊಂಡ ಮಗ, ಪಕ್ಕದಲ್ಲಿ ಕೈಮುಗಿದುಕೊಂಡ ಮ್ಯಾನೇಜರ್! "ಬೀಗರಮ್ಮನವರು ದಯಮಾಡಿಸಬೇಕು" ಅಂದ ಅವನು. ವಿಷಯ ತಿಳಿದ ಮೇಲೆ ಅದೇ ಬಾಯಲ್ಲಿ ಅವನು ಅಂದ ಮಾತುಗಳನ್ನು ನಾನು ಇಲ್ಲಿ ಹೇಳುವುದಿಲ್ಲ. ಹಾರ ಕಿತ್ತುಕೊಂಡು ಹೋದ.

ಹೊತ್ತು ಇಳಿಯುತ್ತಿತ್ತು. ಜವರಮ್ಮನಿಗೆ ಅಳು ಬಂತು. ಆದರೆ ಚಂದ್ರಿ ನೆನಪಾದಳು, ಅಳು ನುಂಗಿಕೊಂಡಳು. ಮಗನ ಕಿವಿ ಹಿಡಿದು ಹತ್ತಿರ ಎಳೆದಳು.

"ನಮಗೆ ಮಂಟಪ ಯಾಕ್ಲಾ? ಎರಡು ತಲೆ ಊರೋಷ್ಟು ಜಾಗ ಸಾಕು ಅನ್ನು! ಅದಕ್ಕಿಂತ ಗೇಣು ಹೆಚ್ಚಿಗೆ ಕೊಟ್ರೂ ಬೇಡ ಅನ್ನು!"

"ಆಯ್ತು ಕಣವ್ವ."

ಹಿಂದಿನ ಓಣಿಯಲ್ಲಿ ಫಿಲೋಮಿನಮ್ಮ ಅನ್ನುವ ಹೆಂಗಸು ತನ್ನ ಮನೆಯ ಒಂದು ಕೋಣೆಯನ್ನು ಪ್ರಯಾಣಿಕರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಎರಡು ಮಂಚ, ತೊಳೆದ ದುಪ್ಪಟಿ, ಕುಡಿಯುವ ನೀರು, ಎಲ್ಲ ಚೊಕ್ಕಟ. ಕಪನಿ ಬಾಗಿಲಲ್ಲಿ ನಿಂತು ನೋಡಿದ. ಗೇಣು ಹಾಕಿ ತನ್ನ ತಲೆ ಅಳೆದುಕೊಂಡ. ಮಂಚ ಅಳೆದ.

"ಇದು ಬೇಡಿ ಅಕ್ಕ. ಹೆಚ್ಚಾಯ್ತು."

"ಏನು ಹೆಚ್ಚಾಯ್ತು?"

"ಜಾಗ! ನಮಗೆ ತಲೆ ಊರೋಷ್ಟು ಸಾಕು."

ಗೋಡೆಯಲ್ಲಿ ಎರಡು ದೀಪದ ಗೂಡುಗಳಿದ್ದವು. ಕಪನಿಯ ಮುಖ ಅರಳಿತು. ಹೋಗಿ ಒಂದರೊಳಗೆ ತಲೆ ತೂರಿಸಿದ. "ಇದು ನಂಗೆ. ಆ ಕಡೇದು ನಮ್ಮವ್ವಂಗೆ!" ಅಂದ. ತಲೆ ಒಳಕ್ಕೇನೋ ಹೋಯಿತು, ಈಚೆಗೆ ಬರಲಿಲ್ಲ.

ಫಿಲೋಮಿನಮ್ಮನ ಕಿರುಚಾಟ ಓಣಿಗೆಲ್ಲ ಕೇಳಿತು. ಜವರಮ್ಮ ಮೊಣಕಾಲು ಎಳೆದುಕೊಂಡು ಬಂದಳು. ಒಬ್ಬಳು ಸೊಂಟ ಹಿಡಿದಳು, ಇನ್ನೊಬ್ಬಳು ಗೂಡಿಗೆ ಎಣ್ಣೆ ಹುಯ್ದಳು, ಇಬ್ಬರೂ ಸೇರಿ ಜಗ್ಗಿ ತಲೆ ಈಚೆಗೆ ತಂದರು.

"ಏನಮ್ಮಾ ಇದು, ನಿಮ್ಮ ಮಗನಾ?"

"ಹೂಂ ಕಣವ್ವ, ಹೆತ್ತುಬಿಟ್ಟಿದ್ದೀನಿ. ನಾಳೆ ಮಗಳ ಬಾಣಂತನಕ್ಕೆ ವಿಮಾನ ಹತ್ತಬೇಕು. ಈ ಮಾರಾಯನ ದೆಸೆಯಿಂದ ಕಂಡವರ ಬಾಗಿಲಲ್ಲೆಲ್ಲ ಛೀ ಅನ್ನಿಸ್ಕಂಡೆ. ನೀನೂ ಅನ್ನು, ಆದ್ರೆ ಜಾಗ ಕೊಡು. ಕೊಡದಿದ್ರೆ ಈ ಬಾಗಿಲಲ್ಲೇ ಮಲಗ್ತೀನಿ, ಏಳಲ್ಲ."

"ಚೊಚ್ಚಲಾ?"

"ಚೊಚ್ಚಲು."

"ಒಳಗೆ ಬನ್ನಿ" ಅಂದಳು ಫಿಲೋಮಿನಮ್ಮ. ಮುದ್ದೆ ಸಾರು ಬಡಿಸಿದಳು. ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಕೊಟ್ಟಳು. ಟ್ಯಾಕ್ಸಿ ಓಡಿಸುವ ತಮ್ಮನಿಗೆ ಫೋನು ಮಾಡಿ ಬೆಳಗಿನ ಜಾವ ಬಾಗಿಲಿಗೆ ಬರಲು ಹೇಳಿದಳು. ಕಪನಿಯ ಕೈಗೆ ಅಲಾರಂ ಗಡಿಯಾರ ಕೊಟ್ಟು, "ಇದು ಹೊಡೆದಾಗ ನಿಮ್ಮಮ್ಮನನ್ನ ಎಬ್ಬಿಸು" ಅಂದಳು.

ಜವರಮ್ಮ ಮಂಚದಲ್ಲಿ ಒರಗಿದಳು. ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ, ಭಯವಾಯಿತು. "ಲೋ, ನಂಗೆ ಸತ್ತಂಥ ನಿದ್ದೆ ಬರ್ತೈತೆ. ಕಿವಿ ಹತ್ರ ಬಂದು ಪಿಸಪಿಸ ಅಂದೀಯ! ಊರಿಗೂರೇ ಎದ್ದು ಕೂರೋ ಹಂಗೆ ಕೂಗ್ಬೇಕು. ತಿಳೀತಾ?"

"ತಿಳೀತು ಕಣವ್ವ."

ಈ ಸಲ ತಪ್ಪಬಾರದು ಅಂತ ಕಪನಿ ಹಟ ತೊಟ್ಟ. ಅವ್ವನಿಗೆ ಇವತ್ತು ಬಹಳ ನೋವಾಗಿದೆ ಅಂತ ಅವನಿಗೂ ಗೊತ್ತಿತ್ತು. ಗಡಿಯಾರ ತೊಡೆಯ ಮೇಲಿಟ್ಟುಕೊಂಡು ರೆಪ್ಪೆ ಬಡಿಯದೆ ಕೂತ. ಅಲಾರಂ ಹೊಡೆಯಿತು. ಎದ್ದ. ತಟ್ಟೆ, ಸೌಟು ತಗೊಂಡ. ಇಲ್ಲಿಂದ ಕೂಗಿದರೆ ಊರಿಗೂರೇ ಹೇಗೆ ಎದ್ದೀತು? ಓಣಿಯ ಆ ತುದಿಯ ಮೊದಲ ಮನೆಗೆ ಹೋಗಿ ಬಡಿದ.

"ಏಳ್ರಪ್ಪೋ ಏಳಿ! ನಮ್ಮವ್ವ ವಿಮಾನ ಹತ್ತಬೇಕು!"

ದೀಪ ಹತ್ತಿತು. ಲುಂಗಿ ಸುತ್ತಿಕೊಂಡು ಒಬ್ಬ ಬಂದ. "ಏನಯ್ಯಾ, ಏನಾಯ್ತು?"

"ಎದ್ರಾ?"

"ಎದ್ದಿದ್ದೀನಿ, ಕಾಣಲ್ವಾ?"

"ಕೂತ್ಕಳಿ ಸ್ವಾಮಿ! ಎದ್ದು ಕೂರ್ಬೇಕು ಅಂದವ್ಳೆ ನಮ್ಮವ್ವ!"

ಅವನು ಜಗಲಿಯ ಮೇಲೆ ಕೂರುವವರೆಗೂ ಕಪನಿ ತಟ್ಟೆ ನಿಲ್ಲಿಸಲಿಲ್ಲ. ಆಮೇಲೆ ಪಕ್ಕದ ಮನೆ. ಆಮೇಲೆ ಅದರ ಪಕ್ಕದ್ದು.

ಜವರಮ್ಮನಿಗೆ ಎಚ್ಚರವಾದದ್ದು ಓಣಿಯ ಗಲಾಟೆಗೆ. ಮಗನಿಲ್ಲ! ಹೊರಗೆ ಬಂದರೆ ಟ್ಯಾಕ್ಸಿ ನಿಂತಿದೆ, ಜಗಲಿ ಜಗಲಿಯ ಮೇಲೆ ಜನ ಕೂತಿದ್ದಾರೆ, ತಟ್ಟೆಯ ಸದ್ದು ಎಲ್ಲೋ ದೂರದಲ್ಲಿ. "ಕಪನೀ!" ಅಂತ ಕೂಗಿದಳು. ಯಾರಿಗೆ ಕೇಳಬೇಕು!

"ಅಮ್ಮ, ಹೊತ್ತಾಯ್ತು, ಹತ್ತಿ. ಇನ್ನು ತಡ ಮಾಡಿದ್ರೆ ಒಳಗೆ ಬಿಡಲ್ಲ" ಅಂದ ಫಿಲೋಮಿನಮ್ಮನ ತಮ್ಮ.

ಜವರಮ್ಮ ಓಣಿಯ ಕಡೆ ನೋಡಿದಳು, ಟ್ಯಾಕ್ಸಿಯ ಕಡೆ ನೋಡಿದಳು. ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರೂ ಎರಡು ಕಡೆ ಎಳೆದರು. "ಅವನು ಬಂದ್ರೆ ಊರಿನ ಬಸ್ಸು ಹತ್ತಿಸಿಬಿಡವ್ವ, ನಿನ್ನ ಕಾಲು ಹಿಡ್ಕತೀನಿ" ಅಂದಳು ಫಿಲೋಮಿನಮ್ಮನಿಗೆ. "ನಾನು ನೋಡ್ಕೋತೀನಿ, ನೀವು ಹೋಗಿ" ಅಂದಳು ಅವಳು. ಜವರಮ್ಮ ಗಂಟು ತಾನೇ ಎತ್ತಿಕೊಂಡು ಹತ್ತಿದಳು.

ಪೊಲೀಸರು ತಡೆದರು, ಚೀಟಿ ತೋರಿಸಿದಳು. ಗಂಟು ಬಿಚ್ಚಿಸಿದರು, ಮತ್ತೆ ಕಟ್ಟಿದಳು. ಮೊಣಕಾಲು ನೋಯಿತು, ನೋಯಲಿ ಅಂದಳು. ಅಂತೂ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಳು. ವಿಮಾನ ಓಡಿತು, ಎದ್ದಿತು. ಮಾದಪ್ಪನನ್ನು ನೆನೆದು ಕಣ್ಣು ಮುಚ್ಚಿದವಳು ಮೆಲ್ಲಗೆ ಕಣ್ಣು ಬಿಟ್ಟು ಕೆಳಗೆ ನೋಡಿದಳು.

ಇನ್ನೂ ಕತ್ತಲು. ಓಣಿ ಗುರುತು ಸಿಕ್ಕಿತು, ಒಂದು ಮನೆಯೂ ಬಿಡದೆ ದೀಪ ಉರಿಯುತ್ತಿತ್ತು. ಊರೆಲ್ಲ ದೀಪ. ಹೊಲ ದಾಟಿ ಪಕ್ಕದೂರಿನಲ್ಲೂ ದೀಪ. ಅದರಾಚೆ ಕತ್ತಲಲ್ಲಿ ಮಲಗಿದ್ದ ಇನ್ನೊಂದು ಊರಿನ ತುದಿಯಲ್ಲಿ ಒಂದು ದೀಪ ಹತ್ತಿತು, ಅದರ ಪಕ್ಕ ಇನ್ನೊಂದು.

ಜವರಮ್ಮನಿಗೆ ನಗುವೂ ಬಂತು, ಕರುಳೂ ಕಿತ್ತು ಬಂತು. ಎದ್ದು ನಿಂತು ಎರಡು ಕೈಯಲ್ಲೂ ಕಿಟಕಿ ಬಡಿದಳು.

"ಲೋ ಕಪನೀ! ನಾನು ಎದ್ದಿದ್ದೀನಿ ಕಣ್ಲಾ!"

ವಿಮಾನದಲ್ಲಿ ಮಲಗಿದ್ದವರೆಲ್ಲ ಗಾಬರಿಯಾಗಿ ಎದ್ದು ಕೂತರು. ಗಗನಸಖಿ ಓಡಿ ಬಂದು, "ಅಮ್ಮಾ, ಕೂತ್ಕೊಳ್ಳಿ, ಕೂತ್ಕೊಳ್ಳಿ!" ಅಂದಳು. ಕೆಳಗೆ ಆ ಊರಿನ ಮೂರನೇ ಮನೆಯಲ್ಲೂ ದೀಪ ಹತ್ತಿತು.