ಗದಿಗೆಯ್ಯನ ಹೂಂ

ಮಲಪ್ರಭೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಕಂಪ್ಯೂಟರು. ಮೂವರ ಪೈಕಿ ಗುರುಗಳ ಮಾತು ಮೀರುವ ಎದೆಗಾರಿಕೆ ಇದ್ದದ್ದು ಕಂಪ್ಯೂಟರಿಗೆ ಮಾತ್ರ.

ಗುರುಗಳು ನಿರುಪಾದಯ್ಯನವರು, ಊರವರ ಬಾಯಲ್ಲಿ ಅಜ್ಜಾರು. ಕಾವಿ ಉಡುವ ಮೊದಲು ಕಾಲೇಜೊಂದರ ಕಂಪ್ಯೂಟರ್ ಕೋಣೆ ನೋಡಿಕೊಂಡಿದ್ದವರು. ಬರುವಾಗ ಲಿನಕ್ಸ್ ಹಾಕಿದ ಹಳೆಯ ಯಂತ್ರವೊಂದನ್ನು ಜೊತೆಗೇ ತಂದರು. ಮನೆ ಬಿಡುವುದು ಸುಲಭವಾಯಿತು, ಇದನ್ನು ಬಿಡುವುದಾಗಲಿಲ್ಲ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು.

ಶಿಷ್ಯ ಗದಿಗೆಯ್ಯ. ಅವನ ಕೆಲಸ ಹೂಂಗುಟ್ಟುವುದು.

ನಗಬೇಡಿ, ಅದೂ ಒಂದು ಕೆಲಸವೇ. ಅಜ್ಜಾರು ಪ್ರವಚನದಲ್ಲಿ ಒಂದು ಮಾತು ಮುಗಿಸಿ ಉಸಿರು ತೆಗೆದುಕೊಂಡರೆ ಆ ಸಂದಿಯಲ್ಲಿ ಅವನ ‘ಹೂಂ’ ಬೀಳಬೇಕು. ಬೀಳದಿದ್ದರೆ ಅಜ್ಜಾರಿಗೆ ಮುಂದಿನ ಮಾತೇ ಹೊರಡದು.

ಹೊಸದರಲ್ಲಿ ಒಮ್ಮೆ ಅವನು ತಡೆಯಲಾರದೆ ಕೇಳಿಬಿಟ್ಟಿದ್ದ: “ಅದು ಹೆಂಗ್ರಿ ಅಜ್ಜಾರ?”

ಸಭೆ ನಕ್ಕಿತು. ಅಜ್ಜಾರು ನಗಲಿಲ್ಲ.

“ನಿನ್ನ ಹೂಂ ಅನ್ನಾಕ ಕೂಡಿಸೀನಿ. ಹೆಂಗ ಅನ್ನಾಕಲ್ಲ.”

ಗದಿಗೆಯ್ಯ ಮತ್ತೆ ಕೇಳಲಿಲ್ಲ.

ಆ ಕಂಪ್ಯೂಟರಿನಲ್ಲಿ ಹುಲಿಗೆವ್ವನ ಹಾಡುಗಳಿದ್ದವು. ಆಚೆ ದಂಡೆಯ ಮುದುಕಿ. ಅತ್ತೆಯ ಬಾಯಿಂದ ಕಲಿತ ತತ್ವಪದಗಳು; ಯಾರೂ ಬರೆದಿಟ್ಟವಲ್ಲ, ಬೇರೆ ಯಾರಿಗೂ ಬಾರವು. ಬೇಸಗೆಗಳಲ್ಲಿ ಗದಿಗೆಯ್ಯ ಹೊಳೆ ದಾಟಿ ಹೋಗಿ, ಅವಳ ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ರೆಕಾರ್ಡು ಮಾಡಿ ತಂದು ಇದರಲ್ಲಿ ತುಂಬಿದ್ದ; ಬೇರೆಲ್ಲೂ ಇರಲಿಲ್ಲ.

ಹುಲಿಗೆವ್ವ ತೀರಿಕೊಂಡಳು. ದೂರದ ಊರಿಗೆ ಕೊಟ್ಟ ಮಗಳು ಶಾವಂತ್ರವ್ವ ಬರುವಷ್ಟರಲ್ಲಿ ಮಣ್ಣಾಗಿತ್ತು. ತಾಯಿಯ ಮುಖ ಸಿಗಲಿಲ್ಲ.

“ಮುಖ ಹೋತಂತ ಅಳಬ್ಯಾಡವ್ವ,” ಎಂದಿದ್ದರು ಅಜ್ಜಾರು, ತುಂಬಿದ ಸಭೆಯಲ್ಲಿ. “ಸೋಮವಾರ ಬಾ. ನಿಮ್ಮವ್ವನ ದನಿ ನಾ ಕೇಳಸ್ತೀನಿ.”

ಸಭೆ ಚಪ್ಪಾಳೆ ತಟ್ಟಿತ್ತು.

ಆದಿತ್ಯವಾರ ಮಧ್ಯಾಹ್ನ ಕರೆಂಟು ಹೋಗಿ ಬಂತು. ಕಂಪ್ಯೂಟರು ಏಳಲಿಲ್ಲ. ಕರಿ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿ ಅಲ್ಲೇ ನಿಂತಿತು: ಯಾವುದು ಎಲ್ಲಿದೆ ಎಂಬ ಗುರುತು ಕಲಸಿಹೋಗಿದೆ, ನೀವೇ ಕೂತು ಸರಿಮಾಡಿ.

ಅಜ್ಜಾರು ಪಕ್ಕದ ಊರಿನಲ್ಲಿ ಪ್ರವಚನಕ್ಕೆ ಹೋಗಿದ್ದರು. ಗದಿಗೆಯ್ಯ ಫೋನು ಹಚ್ಚಿದ. ಆ ಕಡೆ ಮೈಕಿನವನು ಹಲೋ ಹಲೋ ಎಂದು ಕೂಗುತ್ತಿದ್ದ.

“ಏನೋ?” ಎಂದರು ಅಜ್ಜಾರು.

“ಅಜ್ಜಾರ, ಕಂಪ್ಯೂಟರ್ ಏಳವಲ್ದು. ಡಿಸ್ಕು ಟಕಟಕ ಅನ್ನಾಕತ್ತೈತ್ರಿ.”

“ರಿಪೇರಿ ಓಡಸು. ಕಲಿಸೀನಲ್ಲ?”

ಕಲಿಸಿದ್ದರು. ಸದ್ದು ಮಾಡುವ ಡಿಸ್ಕಿಗೆ ಕೈ ಹಚ್ಚುವ ಮುನ್ನ ಇದ್ದದ್ದನ್ನು ಇದ್ದ ಹಾಗೇ ಇನ್ನೊಂದಕ್ಕೆ ಇಳಿಸಿಕೊ, ರಿಪೇರಿ ಏನಿದ್ದರೂ ನಕಲಿನ ಮೇಲೆ ಎಂದೂ ಅವರೇ ಕಲಿಸಿದ್ದರು. ಅದಕ್ಕೆಂದು ತರಿಸಿದ ಹೊಸ ಡಿಸ್ಕು ಕಪಾಟಿನಲ್ಲಿತ್ತು. ಡಬ್ಬಿ ಸಹ ಒಡೆದಿರಲಿಲ್ಲ.

“ಮೊದ್ಲ ನಕಲು ತಗೀಲೇನ್ರಿ? ಮುಗಿಯೂದು ನಾಳೆ ಸಂಜಿ ಆಗ್ತೈತಿ.”

“ಮುಂಜಾನೆ ಆಕಿ ಬರ್ತಾಳ. ಊರ ಮಂದೀನೂ ಬರ್ತೈತಿ. ಅವರ ಮುಂದ ನಾ ಏನ ಹೇಳ್ಲಿ, ಸಂಜೀಗೆ ಬರ್ರಿ ಅಂತನಾ?”

“ಆದ್ರ, ಅಜ್ಜಾರ...”

“ಗದಿಗೆಯ್ಯಾ, ವೇದಿಕಿ ಏರಾಕತ್ತೀನಿ. ಹೂಂ ಅನ್ನು.”

“ಹೂಂ ರಿ.”

ರಿಪೇರಿ ಶುರುವಾಯಿತು. ಯಂತ್ರ ಪ್ರಶ್ನೆ ಕೇಳತೊಡಗಿತು. ಈ ತುಣುಕಿಗೆ ಹೆಸರಿಲ್ಲ, ಬೇರೆ ತೆಗೆದಿಡಲೇ? ಹೂಂ. ಈ ಜಾಗ ಯಾರದೆಂದು ತಿಳಿಯದು, ಖಾಲಿ ಮಾಡಲೇ? ಹೂಂ. ಇದು ಓದಲಾಗುತ್ತಿಲ್ಲ, ಅಳಿಸಲೇ?

ಬೆರಳು ಒಂದು ಗಳಿಗೆ ನಿಂತಿತು. ಆದರೆ ಅದು ಒಗ್ಗಿದ ಬೆರಳು. ಹೂಂ.

ಪ್ರಶ್ನೆಗಳಿಗೆ ಕೊನೆಯೇ ಕಾಣಲಿಲ್ಲ. ಇನ್ನು ಮುಂದಿನದಕ್ಕೆಲ್ಲ ಸೇರಿಸಿ ಒಂದೇ ಸಲ ಹೂಂ ಅನ್ನುವ ಗುಂಡಿಯೂ ಉಂಟು. ಗದಿಗೆಯ್ಯ ಅದನ್ನು ಒತ್ತಿದ. ಪರದೆಯ ಮೇಲೆ ಸಾಲುಗಳು ಹೊಳೆಗೆ ನೀರು ಬಂದ ಹಾಗೆ ಓಡಿದವು. ಡಿಸ್ಕು ಟಕಟಕ ಎನ್ನುತ್ತಲೇ ಇತ್ತು.

ಕಂಪ್ಯೂಟರು ಎದ್ದಿತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು.

ಹುಲಿಗೆವ್ವನ ಹೆಸರಿನ ಖಾನೆ ತೆರೆದ. ಏನೂ ಇರಲಿಲ್ಲ.

ರಿಪೇರಿಯಲ್ಲಿ ಸಿಕ್ಕಿದ ಅನಾಥ ತುಣುಕುಗಳನ್ನು ಯಂತ್ರ ಬೇರೊಂದು ಖಾನೆಯಲ್ಲಿ ಗುಡ್ಡೆ ಹಾಕಿತ್ತು. ಒಂದಕ್ಕೂ ಹೆಸರಿಲ್ಲ, ಬರೀ ಅಂಕಿ. ಒಂದು ತೆರೆದರೆ ಗರಗರ. ಇನ್ನೊಂದು ತೆರೆದರೆ ಮೌನ. ಮತ್ತೊಂದರಲ್ಲಿ ಪದ ಎತ್ತುವ ಮುನ್ನ ಮುದುಕಿ ಎಳೆದುಕೊಂಡ ಉಸಿರಿತ್ತು. ಪದ ಇರಲಿಲ್ಲ.

ಸೋಮವಾರ ಮುಂಜಾನೆ ಶಾವಂತ್ರವ್ವ ಬಂದಳು. ಕೈಯಲ್ಲಿ ಗೋದಿ-ಬೆಲ್ಲದ ಸಿಹಿ ಮಾದಲಿಯ ಗಂಟು. ಊರ ಮಂದಿ ಪಡಸಾಲೆ ತುಂಬಿದ್ದರು. ಅಜ್ಜಾರು ಅಷ್ಟೊತ್ತಿಗೆ ಬಂದಿಳಿದು ನೇರ ಗದ್ದುಗೆಗೆ ಹೋಗಿ ಕೂತಿದ್ದರು. ಬಾಗಿಲಲ್ಲಿ ಏನೋ ಹೇಳಹೋದ ಗದಿಗೆಯ್ಯನಿಗೆ ಕೈ ಎತ್ತಿ, “ಆಮ್ಯಾಲೆ” ಅಂದಿದ್ದರು.

“ಹಚ್ಚಪಾ, ಆಕಿ ಅವ್ವನ ಹಾಡು.”

ಗದಿಗೆಯ್ಯ ಉಸಿರಿನ ತುಣುಕು ಹಚ್ಚಿದ.

ಶಾವಂತ್ರವ್ವ ಕಣ್ಣು ಮುಚ್ಚಿದಳು. “ನಮ್ಮವ್ವ...” ಅಂದಳು. ಕಾದಳು. ಮಂದಿಯೂ ಕಾದರು. ಆಮೇಲೆ ಅವಳು ಕಣ್ಣು ತೆರೆದಳು.

“ಪದ ಎಲ್ಲೈತೋ ತಮ್ಮಾ?”



“ಇನ್ನೊಂದು ಹಚ್ಚೋ!” ಎಂದರು ಅಜ್ಜಾರು. ಅವರ ದನಿ ಏರಿತ್ತು.

ಗದಿಗೆಯ್ಯ ಅವಸರಕ್ಕೆ ಎಲ್ಲಿಯೋ ಒತ್ತಿದ. ಪಡಸಾಲೆಯ ತುಂಬ ಅಜ್ಜಾರದೇ ದನಿ ಮೊಳಗಿತು. “ಗುರುವಿನ ಮಾತಿಗೆ ಎದುರಾಡದವನೇ ಶಿಷ್ಯ!” ಹಿಂದೆಯೇ ಮೆಲ್ಲಗೆ, “ಹೂಂ.” “ಅವನಿಗೆ ಸ್ವಂತದ ನಾಲಿಗಿ ಇರಬಾರದು!” “ಹೂಂ.”

ಅಜ್ಜಾರ ಪ್ರವಚನಗಳು ಡಿಸ್ಕಿನ ಇನ್ನೊಂದು ಭಾಗದಲ್ಲಿದ್ದವು. ಅವುಗಳಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ.

ಶಾವಂತ್ರವ್ವ ಪೂರ್ತಿ ಕೇಳಿಸಿಕೊಂಡಳು.

“ಇದು ನಿಮ್ಮ ದನಿ, ಇದು ಇವನ ಹೂಂ. ಎರಡೂ ಉಳದಾವ ನೋಡ್ರಿ. ಚಲೋ ಆತು.”

ಮಾದಲಿಯ ಗಂಟನ್ನು ಗದ್ದುಗೆಯ ಮುಂದಿಟ್ಟಳು.

“ಅವ್ವನ ಹೆಸರಿಲೆ ಮಾಡ್ಕೊಂಡ ಬಂದಿದ್ದೆ. ತಿನ್ರಿ.”

ಅವಳು ಹೋದಳು. ಹಿಂದೆ ಮಂದಿಯೂ ಹೋದರು, ಯಾರೂ ಯಾರ ಮುಖವನ್ನೂ ನೋಡದೆ.

ಅಜ್ಜಾರು ಹೊಳೆಯ ಮೆಟ್ಟಿಲಿಗೆ ಬಂದು ಕೂತರು. ನೆತ್ತಿಯ ಮೇಲೆ ಬಿಸಿಲು. ಗದಿಗೆಯ್ಯ ಒಂದು ಮೆಟ್ಟಿಲು ಕೆಳಗೆ ನಿಂತ.

“ಹುಲಿಗೆವ್ವನ ಹಾಡಿನಾಗ ನಿನಗ ಒಂದರ ಬರ್ತೈತೇನು?”

“ಇಲ್ರಿ. ಕಂಪ್ಯೂಟರಿನಾಗ ಅದಾವಲ್ಲ ಅಂತ ಕಲೀಲಿಲ್ರಿ.”

“ನನಗೂ ಬರಂಗಿಲ್ಲ.”

ನೀರು ಸುಮ್ಮನೆ ಹರಿಯುತ್ತಿತ್ತು.

“ಶಿಕ್ಷಾ ಕೊಡ್ರಿ ಅಜ್ಜಾರ.”

“ಕೂಡು. ಕತಿ ಹೇಳ್ತೀನಿ, ಹೂಂ ಅನ್ನು.”

ಗದಿಗೆಯ್ಯ ಕೂತ.

“ಒಂದು ಹೊಳೀ ದಂಡಿ ಮ್ಯಾಲ ಒಬ್ಬ ಗುರು ಇದ್ದ.”

“ಹೂಂ.”

“ಅವಗ ಒಬ್ಬ ಶಿಷ್ಯ ಇದ್ದ.”

“ಹೂಂ.”

“ಒಂದಿನ ಗುರು ವೇದಿಕಿ ಏರೋ ಅವಸರದಾಗ ಒಂದು ಮಾತು ಅಂದ. ಶಿಷ್ಯ ಅದರಂಗ ಮಾಡಿದ.”

“ಹೂಂ.”

“ಒಬ್ಬ ತಾಯಿ ದನಿ ಹೋತು.”

“ಹೂಂ.”

“ತಪ್ಪೆಲ್ಲಾ ಶಿಷ್ಯಂದು.”

ಹೂಂ ಬರಲಿಲ್ಲ. ಅಜ್ಜಾರು ಕಾದರು. ಮುಂದಿನ ಮಾತು ಹೊರಡದೆ ಕಾದರು.

“ಯಾಕೋ? ಅನ್ನು.”

ಗದಿಗೆಯ್ಯ ತಲೆ ಎತ್ತಿ ಮೊದಲ ಬಾರಿ ಗುರುವಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

“ಅಲ್ರಿ, ಅಜ್ಜಾರ.”

ಅಜ್ಜಾರು ಹೊಳೆಯ ಕಡೆ ಮುಖ ತಿರುಗಿಸಿದರು.

“ಈ ಮಾತು ನನಗ ನಿನ್ನೆ ಬೇಕಾಗಿತ್ತು, ಗದಿಗೆಯ್ಯಾ.”