ದೊಡ್ಡವರು ರಂಧ್ರ ದಾಟಿದ್ದು

ಪ್ರಯೋಗಾಲಯದ ಉಪ್ಪುನೀರಿನಲ್ಲಿ ತೆಳ್ಳನೆಯ ಪೊರೆಯೊಂದಿತ್ತು. ಆ ಪೊರೆಗೆ ಇದ್ದದ್ದು ಒಂದೇ ರಂಧ್ರ, ಅದೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಉಪ್ಪಿನ ಕಣಗಳು ಅದರೊಳಗೆ ದಿನವಿಡೀ ಸರಾಗವಾಗಿ ಓಡಾಡಿಕೊಂಡಿದ್ದವು.

ಒಂದು ದಿನ ಉದ್ದನೆಯ ಪಾಲಿಮರ್ ಅಣುವೊಂದು ಸುರುಳಿ ಸುತ್ತಿಕೊಂಡು ಬಂದು, "ಎಲ್ಲರೂ ಸರಿಯಿರಿ, ನಾನು ಹೋಗಬೇಕು" ಎಂದಿತು.

"ದಯವಿಟ್ಟು ಒಂದು ತುದಿಯಿಂದ ಬನ್ನಿ, ಬೇಗ ಆಗುತ್ತದೆ" ಎಂದಿತು ರಂಧ್ರ.

"ನನ್ನಂಥವರು ತಲೆ ತಗ್ಗಿಸಿ ಬರುವುದಿಲ್ಲ" ಎಂದ ಅಣು, ನಡು ಮಡಚಿಕೊಂಡು ನುಗ್ಗಿ ಅಲ್ಲೇ ಸಿಕ್ಕಿಹಾಕಿಕೊಂಡಿತು.

"ನಮಗೂ ಕೆಲಸವಿದೆ ಸ್ವಾಮಿ!" ಎಂದು ಉಪ್ಪಿನ ಕಣಗಳು ಹಿಂದಿನಿಂದ ಕೂಗಾಡಿದವು. ಅಷ್ಟರಲ್ಲಿ ಹೊರಗೆ ಸಂಶೋಧಕಿ ಸುಕನ್ಯಾ ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಕೆಳಗಿಳಿದದ್ದು ನೋಡಿ, "ಬಂತು! ಯಾವುದೋ ಭಾರಿ ಅಣುವೇ ಬಂದಿದೆ!" ಎಂದು ಚಪ್ಪಾಳೆ ತಟ್ಟಿದಳು.

ಹೇಗೋ ಆಚೆ ಬಿದ್ದ ಅಣು ಬೀಗುತ್ತ ಕೇಳಿತು: "ನನ್ನ ಯಾವ ಗುಣ ಕಂಡು ಆಕೆಗೆ ಅಷ್ಟು ಸಂಭ್ರಮ?"

"ಆಕೆಗೆ ನೀವು ಕಾಣುವುದೇ ಇಲ್ಲ" ಎಂದಿತು ರಂಧ್ರ. "ಉಪ್ಪಿನ ಕಣಗಳು ಓಡಿದರೆ ವಿದ್ಯುತ್ ಹರಿಯುತ್ತದೆ, ಅವು ನಿಂತರೆ ಗೆರೆ ಕೆಳಗಿಳಿಯುತ್ತದೆ. ನೀವು ಎಷ್ಟು ಜನರ ಓಡಾಟಕ್ಕೆ, ಎಷ್ಟು ಹೊತ್ತು ಅಡ್ಡ ನಿಂತಿರಿ ಎಂಬುದನ್ನು ನೋಡಿಯೇ ನೀವೆಷ್ಟು ದೊಡ್ಡವರೆಂದು ಅಳೆಯುತ್ತಾರೆ."

ಅಣು ಸುರುಳಿಯನ್ನು ಸರಿಮಾಡಿಕೊಂಡು ಹೇಳಿತು:

"ಹಾಗಾದರೆ ದಾರಿ ಬಿಡಿ, ವಾಪಸು ಬರುತ್ತೇನೆ. ಈ ಸಲ ಇನ್ನೂ ಸ್ವಲ್ಪ ನಿಧಾನವಾಗಿ."